ದೇವರ ಗೂಡಿನಲ್ಲಿ ಕೂತ ಮೊಟ್ಟೆ

ನಮ್ಮತ್ತೆ ಮೊಟ್ಟೆಯ ವಿಷಯದಲ್ಲಿ ರಾಜಿಯಾಗುವವರಲ್ಲ. ಪುಣೆಯಲ್ಲಿರುವ ದೊಡ್ಡ ಮಗನ ಮನೆಯಲ್ಲಿ ಒಮ್ಮೆ ಮೊಸರಿಗೆಂದು ಫ್ರಿಜ್ಜಿನ ಬಾಗಿಲು ತೆಗೆದಾಗ, ಒಂದು ಸಾಲು ಮೊಟ್ಟೆಗಳು ಅವರನ್ನೇ ನೋಡುತ್ತಾ ಕೂತಿದ್ದವಂತೆ. ಅವತ್ತಿನಿಂದ ಅಲ್ಲಿದ್ದಷ್ಟು ದಿನವೂ ಅವರ ಊಟ ಬಾಳೆಹಣ್ಣು, ಹಾಲು. ಬೈಯಲಿಲ್ಲ, ಜಗಳವಾಡಲಿಲ್ಲ, "ಹೊಟ್ಟೆ ಸರಿಯಿಲ್ಲ ಕಣಮ್ಮ" ಎಂದು ನಗುನಗುತ್ತಲೇ ತಟ್ಟೆ ಸರಿಸಿದರು. ನನ್ನ ಓರಗಿತ್ತಿ ಫೋನಿನಲ್ಲಿ ಗೊಳೋ ಎಂದು ಅತ್ತಳು. ಪಾಪ ಅನ್ನಿಸಿತು, ನಿಜ. ಆದರೆ ಒಳಗೊಳಗೇ ಸ್ವಲ್ಪ ಬೀಗಿದೆ ಕೂಡ. ಯಾಕೆಂದರೆ ನನ್ನ ಕೈಯಡುಗೆಯನ್ನು ಅತ್ತೆ ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ಇಡೀ ಬಳಗದಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಎರಡನೇ ಸೌಟಿನ ಮೇಲೆ ನಿಂತಿತ್ತು.

ಅಂಥ ಅತ್ತೆ ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಅಬುಧಾಬಿಗೆ ಬಂದು, ರೀಮ್ ಐಲ್ಯಾಂಡಿನ ನಮ್ಮ ಫ್ಲ್ಯಾಟಿನಲ್ಲಿ ಕಾಲು ಚಾಚಿ ಕೂತಿರುವಾಗಲೇ ನನಗೆ ಮೊಟ್ಟೆಯ ಹುಚ್ಚು ಹಿಡಿಯಬೇಕೇ?

ಎಲ್ಲಕ್ಕೂ ಕಾರಣ ಯುಗಾದಿಯ ದಿನ ಬಾಗಿಲ ಮುಂದೆ ನಾನು ಹಾಕಿದ ರಂಗೋಲಿ. ಬಿಲ್ಡಿಂಗಿನ ಮೇಂಟೆನೆನ್ಸಿನವರು ಕಾರಿಡಾರಿನಲ್ಲಿ ಪುಡಿ ಚೆಲ್ಲಬಾರದೆಂದು ಮೆಸೇಜು ಕಳಿಸಿದರು. ಎದುರು ಫ್ಲ್ಯಾಟಿನಾಕೆ ಮಾತ್ರ ರಂಗೋಲಿಯ ಮುಂದೆ ಮಂಡಿಯೂರಿ ಕೂತುಬಿಟ್ಟಳು. ಆಕೆ ಜರ್ಮನಿಯವಳು ಎಂದು ನಾವೆಲ್ಲ ತಿಳಿದಿದ್ದೆವು. ಹಾಗೆಂದರೆ ಆಕೆಗೆ ಸಿಟ್ಟು. "ಪಾಸ್‌ಪೋರ್ಟು ಜರ್ಮನಿಯದು, ನಾವು ಸೋರ್ಬರು" ಎಂದು ತಿದ್ದಿದಳು. ಜರ್ಮನಿಯ ಪೂರ್ವದ ಮೂಲೆಯಲ್ಲಿ ಅವರದೊಂದು ಪುಟ್ಟ ಸೀಮೆ, ಮನೆಯಲ್ಲಿ ಆಡಲು ಅವರದೇ ಒಂದು ಮಾತು. ನಮ್ಮಲ್ಲಿ ತುಳುವಿನವರಿದ್ದ ಹಾಗೆ ಎಂದುಕೊಂಡೆ. ಈಸ್ಟರ್ ಹಬ್ಬಕ್ಕೆ ಮುಂಚೆ ಅವರು ಮನೆಮಂದಿಯೆಲ್ಲ ಕೂತು ಮೊಟ್ಟೆಯ ಮೇಲೆ ಮೇಣದಿಂದ ಚಿತ್ತಾರ ಬರೆಯುತ್ತಾರಂತೆ. "ನಿನ್ನ ಕೈ ನೋಡಿದರೆ ನಿನಗೆ ಬರುತ್ತದೆ, ಬಾ" ಎಂದು ಇಂಗ್ಲಿಷಿನಲ್ಲಿ ಕರೆದಳು. ಹೊಗಳಿಕೆಗೆ ನಾನು ಬಹಳ ಬೇಗ ಬೀಳುತ್ತೇನೆ. ಅತ್ತೆಗೆ "ಪೇಂಟಿಂಗ್ ಕಲಿಯಕ್ಕೆ ಹೋಗ್ತಿದೀನಿ" ಎಂದು ಹೇಳಿ ಎದುರು ಮನೆಗೆ ಹೋದೆ.

ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ ನಾನು. ಹಿಡಿಯುವುದು ಹೇಗೆಂದೇ ಗೊತ್ತಿರಲಿಲ್ಲ. ಬಿಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಉರುಳಿ ಹೋಗುತ್ತದೆ, ಥೇಟ್ ನನ್ನ ಗಂಡನ ಹಾಗೆ. ಅದಕ್ಕಿಂತ ದೊಡ್ಡ ಪೇಚು ಮೊದಲೇ ಬಂತು. ಮೊಟ್ಟೆಯ ಎರಡು ತುದಿಗೂ ಸೂಜಿಯಿಂದ ತೂತು ಮಾಡಿ, ಒಂದು ಕಡೆ ಬಾಯಿಟ್ಟು ಊದಿ, ಒಳಗಿನದನ್ನೆಲ್ಲ ಬಟ್ಟಲಿಗೆ ಇಳಿಸಬೇಕಂತೆ. ಬಾಯಿಟ್ಟು! ನನ್ನ ಮುಖ ನೋಡಿ ಆಕೆ ಗಾಬರಿಯಾಗಿ ನೀರು ತಂದುಕೊಟ್ಟಳು. ಕೊನೆಗೆ "ಊದದಿದ್ದರೂ ಪರವಾಗಿಲ್ಲ. ನಮ್ಮಜ್ಜಿ ಹಸಿ ಮೊಟ್ಟೆಗೇ ಬರೆಯುತ್ತಿದ್ದಳು, ವರ್ಷಗಟ್ಟಲೆ ಇಟ್ಟರೆ ಒಳಗಿನದು ತಾನೇ ಒಣಗುತ್ತದೆ" ಎಂದು ಇಡೀ ಮೊಟ್ಟೆಯನ್ನೇ ನನ್ನ ಕೈಗೆ ಕೊಟ್ಟಳು.

ಕೆಲಸ ಮಾತ್ರ ಬಲು ಚೆಂದ. ಹೆಬ್ಬಾತಿನ ಗರಿಯ ತುದಿಯನ್ನು ತ್ರಿಕೋನವಾಗಿ ಕತ್ತರಿಸಿ, ಬಿಸಿ ಜೇನುಮೇಣದಲ್ಲಿ ಅದ್ದಿ ಮೊಟ್ಟೆಗೆ ಒತ್ತಿದರೆ ತ್ರಿಕೋನವೇ ಬೀಳುತ್ತದೆ. ಅಂಥ ತ್ರಿಕೋನಗಳ ಸಾಲಿಗೆ ತೋಳದ ಹಲ್ಲು ಎಂದು ಹೆಸರು, ಕೆಟ್ಟದ್ದು ಹತ್ತಿರ ಬರದಂತೆ ಕಾಯುತ್ತದಂತೆ. ಚುಕ್ಕಿ ಇಡಲು ಪೆನ್ಸಿಲ್ಲಿಗೆ ಚುಚ್ಚಿದ ಗುಂಡುಸೂಜಿಯ ತಲೆ. ಆಮೇಲೆ ಮೊಟ್ಟೆಯನ್ನು ಹಳದಿ ಬಣ್ಣದಲ್ಲಿ ಮುಳುಗಿಸಬೇಕು, ಮೇಣ ಕೂತಲ್ಲಿ ಬಿಳಿ ಉಳಿಯುತ್ತದೆ. ಮತ್ತೆ ಮೇಣ, ಕೆಂಪು ಬಣ್ಣ. ಮತ್ತೆ ಮೇಣ, ಕಪ್ಪು ಬಣ್ಣ. ಕೊನೆಗೆ ದೀಪದ ಶಾಖಕ್ಕೆ ಹಿಡಿದು, ಕರಗಿದ ಮೇಣವನ್ನು ಬಟ್ಟೆಯಲ್ಲಿ ಒರೆಸಿದರೆ ಅಡಗಿದ್ದ ಬಣ್ಣವೆಲ್ಲ ಮೇಲೆ ಬರುತ್ತದೆ. ಚುಕ್ಕಿ ಇಟ್ಟು ಬೆಳೆದ ನನಗೆ ಇದು ಒಗ್ಗಿಬಿಟ್ಟಿತು.

ಕಪ್ಪು ಬಣ್ಣದಿಂದ ಮೊಟ್ಟೆಯನ್ನು ಎತ್ತಿ ಒಣಗಿಸಿ ಕರ್ಚೀಫಿನಲ್ಲಿ ಹಿಡಿದಿದ್ದೆ. ಇನ್ನು ಮೇಣ ಒರೆಸುವುದೊಂದೇ ಬಾಕಿ. ಆಗ ಅತ್ತೆಯ ಫೋನು ಬಂತು. "ಕುಕ್ಕರ್ ಕೂಗಿ ಕೂಗಿ ಸುಸ್ತಾಗಿದೆ ಕಣೇ, ಈ ಒಲೆ ಆರಿಸೋದು ಹೇಗೆ? ಇದಕ್ಕೆ ತಿರುಪೋದೇ ಇಲ್ಲ!" ನಮ್ಮದು ಮುಟ್ಟಿದರೆ ಕೆಲಸ ಮಾಡುವ ಒಲೆ. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಕೈಯಲ್ಲಿದ್ದದ್ದನ್ನು ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಅಡುಗೆಮನೆಗೆ ನುಗ್ಗಿದೆ. ಬೇಳೆ ಸೀದಿತ್ತು. ಪಾತ್ರೆ ಉಜ್ಜುವ ಭರದಲ್ಲಿ ಮೊಟ್ಟೆ ಮರೆತೇಹೋಯಿತು.

ನೆನಪಾಗಿ ಹೊರಗೆ ಬಂದರೆ ಕರ್ಚೀಫು ಮಾತ್ರ ಇದೆ. ಅತ್ತೆ ಹಾಲ್‌ನಿಂದಲೇ ಕೂಗಿದರು.

"ಇಷ್ಟು ಚೆನ್ನಾಗಿರೋದನ್ನ ಚಪ್ಪಲಿ ಹತ್ರ ಇಡ್ತಾರೇನೇ? ಚನ್ನಪಟ್ಟಣದ್ದಾ?"

"ಹೂಂ, ಆ ಥರದ್ದೇ" ಅಂದೆ.

"ಅದಕ್ಕೇ ಎತ್ತಿ ದೇವರ ಗೂಡಲ್ಲಿಟ್ಟೆ."

ಅತ್ತೆಯ ಅಭ್ಯಾಸವೇ ಅದು. ಮನೆಗೆ ಬಂದ ಹೊಸದೆಲ್ಲ, ಕಾರಿನ ಕೀಲಿಯಿಂದ ಹಿಡಿದು ವೀಸಾದ ಪ್ರಿಂಟ್‌ಔಟಿನವರೆಗೆ, ಮೊದಲು ದೇವರ ಮುಂದೆ ಕೂತು ಆಮೇಲೆ ನಮ್ಮ ಕೈಗೆ ಬರಬೇಕು. ಹೋಗಿ ನೋಡಿದೆ. ದೀಪದ ಕಂಬಕ್ಕೂ ಕುಂಕುಮದ ಬಟ್ಟಲಿಗೂ ನಡುವೆ, ಬತ್ತಿಯ ಪೆಟ್ಟಿಗೆಯನ್ನು ಒರಗಿಕೊಂಡು, ಹಸಿ ಕೋಳಿಮೊಟ್ಟೆ ಕೂತಿತ್ತು. ಅದರ ಮೇಲೆ ಒಂದು ದಾಸವಾಳ ಬೇರೆ.

ತೆಗೆಯೋಣವೆಂದರೆ ಅತ್ತೆ ಅಲ್ಲಿಂದ ಕದಲುತ್ತಿಲ್ಲ, ಸಂಜೆಯ ದೀಪ ಹಚ್ಚುವ ಹೊತ್ತು. ನಾನು ಸ್ನಾನವಿಲ್ಲದೆ ಗೂಡಿಗೆ ಕೈ ಹಾಕುವಂತಿಲ್ಲ. ಸ್ನಾನ ಮುಗಿಸಿ ಓಡಿ ಬರುವಷ್ಟರಲ್ಲಿ ಅವರು ದೀಪ ಹಚ್ಚಿ ಆಗಿತ್ತು. ಶಾಖ ತಾಗಿ ಮೊಟ್ಟೆಯ ಮೇಲಿನ ಮೇಣ ಮೆಲ್ಲಗೆ ಬೆವರತೊಡಗಿತು.

"ಅಯ್ಯೋ, ಇಲ್ಲಿ ನೋಡು ಬಾರೇ, ಹೊಳೀತಾ ಇದೆ!" ಎಂದು ಅತ್ತೆ ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಒಂದು ಕಡೆ ಶಾಖಕ್ಕೆ ಹಿಡಿಯುವುದು, ಒರೆಸುವುದು, ತಿರುಗಿಸಿ ಮತ್ತೆ ಹಿಡಿಯುವುದು. ಯಾರೂ ಹೇಳಿಕೊಡದೆ ಅಚ್ಚುಕಟ್ಟಾಗಿ ಮಾಡಿದರು. ಬಿಳಿ, ಹಳದಿ, ಕೆಂಪು, ಒಂದೊಂದಾಗಿ ಕಪ್ಪಿನೊಳಗಿನಿಂದ ಎದ್ದು ಬಂದವು. ಅಷ್ಟು ಹೆದರಿಕೆಯಲ್ಲೂ ನನಗೆ ಹೆಮ್ಮೆಯಾಯಿತೆಂದರೆ ನಂಬಿ.

ಸರಿಯಾಗಿ ಆಗಲೇ ಬೆಲ್ಲಾಯಿತು. ನನ್ನ ಗಂಡ ಬಾಗಿಲು ತೆಗೆದರು. ಅರ್ಧಕ್ಕೇ ಓಡಿ ಬಂದವಳು ಏನಾದಳೋ ಎಂದು ಎದುರು ಮನೆಯಾಕೆ ವಿಚಾರಿಸಲು ಬಂದಿದ್ದಳು. ಅತ್ತೆಯ ಕೈಯಲ್ಲಿದ್ದದ್ದನ್ನು ಕಂಡದ್ದೇ ಚಪ್ಪಾಳೆ ತಟ್ಟಿ ಕೂಗಿದಳು, "ಓಹ್! ಬ್ಯೂಟಿಫುಲ್ ಎಗ್!"

ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಕೇಕಿನ ಅಂಗಡಿಯಲ್ಲಿ ವರ್ಷಗಟ್ಟಲೆ ವಿಚಾರಿಸಿ ವಿಚಾರಿಸಿ ಆ ಒಂದು ಪದ ಅವರಿಗೆ ಬಾಯಿಪಾಠ. ಕೈಯಲ್ಲಿದ್ದದ್ದನ್ನು ಕಿವಿಯ ಹತ್ತಿರ ತಂದು ಸ್ವಲ್ಪ ಅಲ್ಲಾಡಿಸಿದರು. ಆಮೇಲೆ, ಅವರನ್ನು ಮೆಚ್ಚಲೇಬೇಕು, ಬೀಳಿಸಲಿಲ್ಲ. ಆಕೆಯ ಎರಡು ಕೈಗಳ ನಡುವೆ ಮೆತ್ತಗೆ ಇಟ್ಟು ಸೀದಾ ಬಚ್ಚಲಿಗೆ ಹೋದರು. ತಲೆಗೆ ನೀರು ಹಾಕಿಕೊಂಡು ಬಂದು, ದೇವರನ್ನೆಲ್ಲ ಇಳಿಸಿ, ಗೂಡನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಊಟಕ್ಕೆ ಕರೆದೆ.

"ಹೊಟ್ಟೆ ಸರಿಯಿಲ್ಲ ಕಣಮ್ಮ."

ಯಾವತ್ತೂ "ಏನೇ, ಬಾರೇ" ಅನ್ನುತ್ತಿದ್ದವರ ಬಾಯಲ್ಲಿ ಅವತ್ತು ನಾನು "ಅಮ್ಮ" ಆದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಅವರಿಗೆ ಇಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿದೆ, ಜಪ್ಪಯ್ಯ ಅಂದರೂ ಮುಟ್ಟಲಿಲ್ಲ. ನುಗ್ಗೆಕಾಯಿ ಹುಳಿ ಮಾಡಿದೆ, ವಾಸನೆಗೆ ಮೂಗರಳಿಸಿ ಬಾಳೆಹಣ್ಣು ಸುಲಿದರು. ನನಗೆ ಅಳು ಬಂತು, ಸಿಟ್ಟೂ ಬಂತು. ನಾನೇನು ಮೊಟ್ಟೆ ತಿಂದೆನೇ? ಆಮ್ಲೆಟ್ ಮಾಡಿದೆನೇ? ಓರಗಿತ್ತಿಗೆ ಫೋನು ಮಾಡಿ ಹೇಳಿಕೊಂಡರೆ ಅವಳು ಪೂರ್ತಿ ಕೇಳಿಸಿಕೊಂಡು, "ಬಾಳೆಹಣ್ಣು ಜಾಸ್ತಿ ತಂದಿಟ್ಟುಕೋ" ಅಂದಳು. ಧ್ವನಿಯಲ್ಲಿ ಹಬ್ಬದ ಸಂಭ್ರಮವಿತ್ತು.

ಇನ್ನು ಹೀಗೇ ಎಂದು ನಾನು ಕೈಚೆಲ್ಲಿ ಕೂತಿದ್ದ ಹೊತ್ತಿಗೆ, ಒಂದು ಬೆಳಿಗ್ಗೆ ಅತ್ತೆ ಪೇಪರಿನಿಂದ ತಲೆಯೆತ್ತದೆ ಕೇಳಿದರು, "ಅಲ್ವೇ, ಅದರ ಮೇಲಿನ ಆ ಹಲ್ಲಿನಂಥ ಸಾಲು ಸುತ್ತಿಕೊಂಡು ಬಂದು ಸೇರೇ ಇಲ್ಲ. ಕೊನೇಲಿ ಅರ್ಧ ಹಲ್ಲು ತುರುಕಿದೀಯ. ಅಳತೆ ಮಾಡಲಿಲ್ವಾ?"

ನಿಜ, ತುರುಕಿದ್ದೆ. ಅಷ್ಟು ರಂಪದಲ್ಲೂ ಅವರು ಅದನ್ನು ಗಮನಿಸಿದ್ದರು! ನಮ್ಮತ್ತೆ ಚುಕ್ಕಿ ತಪ್ಪಿದ ರಂಗೋಲಿಯನ್ನು ದಾಟಿ ಹೋಗಲಾರದವರು, ಪರರ ಮನೆಯದ್ದಾದರೂ ಬಗ್ಗಿ ಸರಿಮಾಡಿಯೇ ಹೋಗುವವರು. ಆ ಅರ್ಧ ಹಲ್ಲು ಅವರನ್ನು ಒಳಗೇ ಕೊರೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವರು, ನನ್ನ ಗಂಡ ಬಂದರಿನ ಹತ್ತಿರದ ಮೀನಾ ತರಕಾರಿ ಮಾರ್ಕೆಟ್ಟಿನಿಂದ ತಂದಿದ್ದ ನಿಂಬೆಹಣ್ಣುಗಳನ್ನೆಲ್ಲ ಮುಂದಿಟ್ಟುಕೊಂಡು ಕೂತಿದ್ದರು. ಊದುಕಡ್ಡಿಯ ಹಿಂತುದಿಯಿಂದ ಕುಂಕುಮ, ಕಾಡಿಗೆಯ ಚುಕ್ಕಿ, ತ್ರಿಕೋನ. ನಿಂಬೆಹಣ್ಣಿಗೆ ದಾರ ಸುತ್ತಿ, ಮಡಿಸಿ, ಮತ್ತೆ ಮಡಿಸಿ, ಗುರುತು ಹಾಕಿ, ಸಾಲು ಬಂದು ಸೇರುವ ಲೆಕ್ಕ ಹಿಡಿಯುತ್ತಿದ್ದರು. ಸಂಜೆ ಆಫೀಸಿನಿಂದ ಬಂದ ಗಂಡ ಊಟದ ಮೇಜಿನ ಮೇಲೆ ದಾರ ಸುತ್ತಿದ ಕೆಂಪು ಕಪ್ಪು ನಿಂಬೆಹಣ್ಣುಗಳ ಸಾಲು ನೋಡಿ ಬಾಗಿಲಲ್ಲೇ ನಿಂತರು.

"ಅಮ್ಮಾ, ಈ ದೇಶದಲ್ಲಿ ಮಾಟ ಮಾಡಿದ್ರೆ ಜೈಲಿಗೆ ಹಾಕ್ತಾರೆ! ಕರ್ಟನ್ ಎಳೀರಿ ಮೊದ್ಲು!"

"ಮಾಟ ಅಲ್ಲ ಕಣೋ, ಜಾಮಿಟ್ರಿ" ಅಂದರು ಅತ್ತೆ.

ನಿಂಬೆಹಣ್ಣಿನಲ್ಲಿ ಕೈ ಕುದುರಿದಮೇಲೆ ನಿಜವಾದದ್ದರ ಮೇಲೆ ಮಾಡಿ ತೋರಿಸದೆ ಅವರಿಗೆ ಸಮಾಧಾನವಿರಲಿಲ್ಲ. ಆದರೆ ಮೊಟ್ಟೆ ನಮ್ಮ ಹೊಸಿಲು ದಾಟುವಂತಿಲ್ಲ, ಅತ್ತೆ ಎದುರು ಮನೆಯ ಹೊಸಿಲು ದಾಟುವವರಲ್ಲ. ಕೊನೆಗೆ ಒಪ್ಪಂದವಾದದ್ದು ನಡುವಿನ ಕಾರಿಡಾರಿನಲ್ಲಿ. ಮರುದಿನ ಅಲ್ಲಿ ಎರಡು ಸ್ಟೂಲು, ಒಂದು ಪುಟ್ಟ ಮೇಜು ಬಂದವು. ಕಾರಿಡಾರಿನಲ್ಲಿ ಮೇಣದಬತ್ತಿ ಹಚ್ಚಿದರೆ ಅಲಾರಂ ಕೂಗಿಕೊಳ್ಳುತ್ತದೆಂದು ಎದುರು ಮನೆಯಾಕೆ ಕಾಫಿ ಬಿಸಿ ಮಾಡುವ ಕರೆಂಟಿನ ತಟ್ಟೆಯ ಮೇಲೆ ಮೇಣ ಕರಗಿಸಿದಳು. ಅತ್ತೆ ಪಾತ್ರೆ ತೊಳೆಯುವ ಗುಲಾಬಿ ಗ್ಲೌಸು ಮೊಣಕೈವರೆಗೆ ಏರಿಸಿಕೊಂಡು ಬಂದು ಕೂತರು. ಆಕೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಇವರು ಕನ್ನಡದಲ್ಲಿ ಗದರುತ್ತಿದ್ದರು, ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಕ್ಯಾಮೆರಾದಲ್ಲಿ ನೋಡಿ ಸೆಕ್ಯುರಿಟಿಯವನು ಏನೋ ಆಪರೇಷನ್ ನಡೆದಿದೆಯೆಂದು ಓಡಿ ಬಂದ. ಅತ್ತೆ ಅವನಿಗೆ "ಷ್! ಕೈ ಅಲ್ಲಾಡತ್ತೆ" ಎಂದರು. ಅವನು ಗೋಡೆಗೊರಗಿ ನಿಂತು ನೋಡತೊಡಗಿದ.

ಮಧ್ಯಾಹ್ನ ಎರಡಾಯಿತು. ಅತ್ತೆ ಬೆಳಗಿನ ಕಾಫಿ ಬಿಟ್ಟರೆ ಏನೂ ಮುಟ್ಟಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದೆ, "ಬಾಳೆಹಣ್ಣು ಸುಲಿದು ಕೊಡ್ಲಾ ಅತ್ತೆ?"

ಗರಿ ಮೊಟ್ಟೆಯ ಮೇಲೆ ಹಾಗೇ ಇತ್ತು. ತಲೆಯೆತ್ತದೆ ಕೇಳಿದರು, "ಇವತ್ತು ನೀನು ಇದನ್ನ ಮುಟ್ಟಿದೀಯಾ?"

"ಇಲ್ಲ."

"ಸ್ನಾನ ಆಗಿದೆಯಾ?"

"ಆಗಿದೆ."

"ನನ್ನ ಕೈ ಮೈಲಿಗೆ. ಇನ್ನೂ ಅರ್ಧ ಸಾಲಿದೆ, ಬಿಟ್ಟು ಎದ್ರೆ ಮೇಣ ಗಟ್ಟಿಯಾಗತ್ತೆ. ಒಳಗಿಂದ ಘಮ ಬರ್ತಿದೆಯಲ್ಲ, ಏನದು?"

"ಹುಳಿ."

"ಕಲಸಿಕೊಂಡು ಬಾ."

ನಾನು ಓಡಿದೆ. ಹುಳಿಯನ್ನ ಕಲಸುವ ಅವಸರದಲ್ಲಿ ತುಪ್ಪ ಎಷ್ಟು ಬಿತ್ತೋ ತಿಳಿಯಲಿಲ್ಲ. ತಟ್ಟೆ ಹಿಡಿದು ಬರುವಾಗ ಅವರು ಗ್ಲೌಸಿನ ಎರಡೂ ಕೈಗಳನ್ನು ದೂರ ಚಾಚಿ, ಕತ್ತು ಮುಂದೆ ಮಾಡಿ, ಸೆಕ್ಯುರಿಟಿಯವನ ಎದುರಿಗೇ ಬಾಯಿ ತೆರೆದರು. ತುತ್ತು ಇಟ್ಟೆ. ನಿಧಾನವಾಗಿ ಅಗಿದರು.

"ಉಪ್ಪು ಸ್ವಲ್ಪ ಮುಂದಾಗಿದೆ ಕಣೇ" ಎಂದು ಅತ್ತೆ ಮತ್ತೆ ಬಾಯಿ ತೆರೆದರು.