ಬೆಲ್ಲದ ಚೀಲ ಹೊದ್ದ ನೆಲ

ದುದ್ದದ ಹೊರಗೆ ನಮ್ಮ ಮನೆ ಏಳುವಷ್ಟರಲ್ಲಿ ನಾನು ಅರ್ಧ ಇಳಿದುಹೋಗಿದ್ದೆ. ಬೆಳಿಗ್ಗೆ ಮಕ್ಕಳಿಗೆ ಶಶಿರೇಖಾ ಮಿಸ್ಸು, ಸಂಜೆ ಗಾರೆಯವರಿಗೆ ಕಾವಲುಗಾರ್ತಿ. ಕೊನೆಗೆ ನೆಲದ ಮಾತು ಬಂದಾಗ ಟೈಲ್ಸ್ ಬೇಡ, ಕಾಂಕ್ರೀಟೇ ಸಾಕು ಎಂದೆ. ಅದರಲ್ಲೂ ಎರಡು ಬಗೆಯಂತೆ! ಹಸಿಯಿರುವಾಗಲೇ ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತರುವುದು ಒಂದು. ಗಟ್ಟಿಯಾದ ಮೇಲೆ ಮಿಷನ್ನಿನಿಂದ ಅರೆದು ಪಾಲಿಶ್ ಮಾಡುವುದು ಇನ್ನೊಂದು.

ಮೊದಲನೆಯದಕ್ಕೆ ಅಂಕಯ್ಯನವರು. ನಲವತ್ತು ವರ್ಷ ಮಂಡಿಯೂರಿ ನೆಲ ಉಜ್ಜಿದ ಮನುಷ್ಯ. ಅವರ ನೆಲ ಕೆಟ್ಟದ್ದನ್ನು ಯಾರೂ ಕಂಡಿಲ್ಲವೆಂಬ ಹೆಸರು. ಎರಡನೆಯದಕ್ಕೆ ಸೋಮನಹಳ್ಳಿಯ ಸ್ವಾಮಿ. ಫ್ಯಾಕ್ಟರಿಗಳ ನೆಲ ಪಾಲಿಶ್ ಮಾಡುವವನು.

"ಯಾವ್ದು ಮಾಡ್ಸಲಿ, ಅಂಕಯ್ಯನೋರೆ?" ಎಂದೆ.

"ಮಿಸನ್ನು ಮ್ಯಾಲಿನ ಕೆನೆ ತಗದ್ಬುಡ್ತದೆ ಕಣವ್ವ. ಕೈಲುಜ್ಜಿದ್ರೆ ಕೆನೆ ಅಲ್ಲೇ ಕೂತ್ಕತದೆ. ಇದೊಂದು ನೆಲ ಮಾಡಿ ಕರಣೆ ಮಡಗ್ಬುಡ್ತೀನಿ. ಮಂಡಿ ಓಯ್ತು."

ಆ ಮಂಡಿಯ ಮಾತು ಕೇಳಿಯೂ ಒಪ್ಪಿದೆನಲ್ಲ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅವರ ಕಡೇ ನೆಲ ನಮ್ಮ ಮನೆಯಲ್ಲಿರಲಿ ಎಂಬ ಆಸೆ ನನಗೂ ಇತ್ತು.

ಬೆಳಗಿನಿಂದ ಸಂಜೆವರೆಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಉಜ್ಜಿದರು. ಬಾಗಿಲಿಗೆ ಬಂದಾಗ ಏಳಲಾಗಲಿಲ್ಲ. ನಾನೂ ಅವರ ಹೆಂಡತಿ ಪುಟ್ಟಮಾದಮ್ಮನೂ ತೋಳು ಹಿಡಿದು ಎಬ್ಬಿಸಿದೆವು. ನೆಲದಲ್ಲಿ ಕಿಟಕಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು.

ಮರುದಿನ ನೆಲ ಬೇಗ ಒಣಗದಂತೆ ಒದ್ದೆ ಗೋಣಿಚೀಲ ಹೊದಿಸಿದರು. ನಮ್ಮ ಕಡೆ ಚೀಲ ಬೇಕೆಂದರೆ ಆಲೆಮನೆಗೆ ಹೋಗುವುದು ರೂಢಿ. ಬೆಲ್ಲ ತುಂಬಿದ್ದ ಆ ಚೀಲಗಳನ್ನು ಅಂಕಯ್ಯನವರು ಯಾವಾಗಲೂ ನಾಲೆಯಲ್ಲಿ ಮೂರು ಸಲ ತೊಳೆದೇ ತರುತ್ತಿದ್ದರು.

ನಾಲ್ಕನೆಯ ದಿನ ನೋಡಿದರೆ ಖಾಲಿ ಮನೆಯಲ್ಲಿ ಇರುವೆ ಸಾಲು. ಚೀಲ ಎತ್ತಿದೆ. ನೆಲವೆಲ್ಲ ಕಲೆ, ಉಗುರು ತಾಗಿದರೆ ಪುಡಿ. ಕಳಪೆ ಸಿಮೆಂಟು ಕೊಟ್ಟನೆಂದು ಅಂಗಡಿಯವನಿಗೆ ಉಗಿಯಲು ಫೋನು ಎತ್ತಿಕೊಂಡೆ. ಚೀಲಕ್ಕೆ ನೀರು ಹಾಕಲು ಬಂದಿದ್ದ ಅಂಕಯ್ಯನವರು ಸುಮ್ಮನಿದ್ದಿದ್ದರೆ ಅವರ ಹೆಸರು ಉಳಿಯುತ್ತಿತ್ತು.

"ಬ್ಯಾಡಿ ಕಣವ್ವ," ಎಂದರು. "ಅವುಂದಲ್ಲ, ತಪ್ಪು ನಂದು. ಬೆಲ್ಲ ಸೇರುದ್ರೆ ಸಿಮೆಂಟು ಕಚ್ಕಳಲ್ಲ ಅಂತ ಗೊತ್ತಿತ್ತು. ನಾಲೆ ಮೆಟ್ಲು ಇಳಿಯಕ್ಕಾಗ್ನಿಲ್ಲ. ಡ್ರಮ್ಮಲ್ಲಿ ಒಂದ್ಸಲ ಅದ್ದಿ ತಂದ್ಬುಟ್ಟೆ. ಸ್ವಾಮಿನ ಕರೀರಿ, ಮ್ಯಾಲಿಂದು ಅರೀಲಿ."

ನನಗೆ ಸಿಟ್ಟು ಬರಬೇಕಿತ್ತು. ಅಳು ಬಂತು.

ನೆಲ ಗಟ್ಟಿಯಾಗಲೆಂದು ತಿಂಗಳು ಬಿಟ್ಟು ಸ್ವಾಮಿ ಬಂದ. ಅಂಕಯ್ಯನವರೂ ಬಂದರು, ಯಾರೂ ಕರೆದಿರಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಟ್ಟೆ. ಮಿಷನ್ನು ಅವರ ಕೆನೆಯನ್ನು ತಿನ್ನುತ್ತಾ ಹೋಯಿತು; ಕೆಳಗಿನ ಜಲ್ಲಿ ಒಂದೊಂದಾಗಿ ಮೇಲೆ ಬಂತು. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಅವರು ಮಾತ್ರ ನೆಲ ನೋಡಲೇ ಇಲ್ಲ. ಮಿಷನ್ನಿನ ಹಿಡಿ ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದ ಸ್ವಾಮಿಯ ಕಾಲುಗಳನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಪುಟ್ಟಮಾದಮ್ಮ ಕರೆದೊಯ್ಯಲು ಬಂದರು. ಅಂಕಯ್ಯನವರು ಹೆಂಡತಿಯ ತೋಳು ಹಿಡಿದು ಎದ್ದರು.

"ಬೆಳಗ್ಗಿಂದ ನೋಡ್ದೆ ಕಣಮ್ಮಿ," ಎಂದರು. "ಅವ್ನು ಒಂದ್ಸಲನೂ ಮಂಡಿ ಊರ್ನಿಲ್ಲ."