ಗುಂಡುಸೂಜಿ ಡಬ್ಬಿಯ ಗಂಟು

ದಿನದ ಮೊದಲ ಕೆಲಸಕ್ಕೆ ಕೈ ಹಾಕುವ ಮುನ್ನ ಅವಳು ಹಿಂದಿನ ದಿನ ಕೊನೆಗೆ ಮುಗಿಸಿಟ್ಟ ವಸ್ತುವನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳಿನ ಉಗುರನ್ನು ಅದರ ಬೆಸುಗೆಯ ಮೇಲೆ ಒಂದು ಸುತ್ತು ಎಳೆಯುತ್ತಾಳೆ. ಉಗುರು ಎಲ್ಲಾದರೂ ತಡೆದರೆ ಅಲ್ಲಿ ಬೇಡದ ಬೆಸುಗೆ ಇನ್ನೂ ಉಳಿದಿದೆ ಎಂದರ್ಥ. ತಡೆಯದೆ ಜಾರಿದರೆ ಬಟ್ಟೆಯಲ್ಲಿ ಸುತ್ತಿ ಗಿರಾಕಿಗಳ ಗೂಡಿನಲ್ಲಿಡುತ್ತಾಳೆ. ಮೈ ಸುಡುವ ಜ್ವರವಿದ್ದ ದಿನವೂ, ಅಮ್ಮ ತೀರಿಕೊಂಡ ಮೇಲೆ ಅಂಗಡಿ ತೆರೆದ ಮೊದಲ ಬೆಳಿಗ್ಗೆಯೂ ಇದು ತಪ್ಪಿಲ್ಲ. ಆ ಹೊತ್ತಿಗೆ ಬಂದವರು ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆಂದುಕೊಂಡು ಬಾಗಿಲಲ್ಲೇ ಸುಮ್ಮನೆ ನಿಲ್ಲುತ್ತಾರೆ. ಹಾಗೆ ಅಂದುಕೊಳ್ಳುವುದು ತೀರಾ ತಪ್ಪೇನಲ್ಲ.

ಆ ಒಂದು ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದಾಳೆ, ಉಳಿದವೆಲ್ಲ ಮೋಟು. ಹಾಗಾಗಿ ಬೀದಿಗೆಲ್ಲ ಅವಳು ಉಗುರಕ್ಕ.

ಅಂಗಡಿ ಅಪ್ಪನ ಕಾಲದ್ದು. ಎರಡು ಮೇಜು, ಒಂದು ಕಿಟಕಿ, ಬೀದಿಯಿಂದ ಹತ್ತಿ ಬರಲು ಮೂರು ಮೆಟ್ಟಿಲು. ಹಿಡಿ ಕಳಚಿದ ಸೌಟು, ಕಾಲು ಮುರಿದ ಕನ್ನಡಕ, ಕೊಂಡಿ ಹೋದ ಪದಕ, ಬಾಯಿ ಬಿಟ್ಟ ಪುಟ್ಟ ಡಬ್ಬಿ, ಇಂಥವೇ ಬರುವುದು. ತಮ್ಮ ಬೆಸುಗೆ ಹಾಕುತ್ತಾನೆ, ಹೆಚ್ಚಾಗಿ ಹರಿದದ್ದನ್ನು ಅವಳು ತೆಗೆಯುತ್ತಾಳೆ. ಅವನ ಕೈ ಧಾರಾಳ. ಅವಳು ಗೊಣಗಿದರೆ, "ನಾನು ಅಳತೆಯಾಗಿ ಹಾಕಿದ್ರೆ ನೀನು ನೊಣ ಹೊಡ್ಕೊಂಡು ಕೂರಬೇಕಾಗುತ್ತೆ ಅಕ್ಕ" ಎನ್ನುತ್ತಾನೆ. ಮೂವತ್ತೊಂದು ವರ್ಷದಿಂದ ಇದೇ ಮಾತು, ಇದೇ ನಗು.

ದಪ್ಪ ಗಂಟಾದರೆ ಅವಳು ಸಣ್ಣ ಉರಿಗೆ ಹಿಡಿಯುತ್ತಾಳೆ. ಬೆಸುಗೆ ಮಿರುಗಿ ನೀರಾಯಿತೆನ್ನುವಾಗ ಒದ್ದೆ ಬಟ್ಟೆಯಿಂದ ಒಂದೇ ಸಲ ಒರೆಸಬೇಕು. ಹನಿ ಕೆಳಗಿನ ತಟ್ಟೆಗೆ ಬಿದ್ದು ಗಟ್ಟಿಯಾಗುತ್ತದೆ. ಮೂಲೆಯಲ್ಲಿ ಅಂಟಿದ್ದನ್ನು ಚೂಪು ಉಳಿಯಿಂದ ಕೆರೆದು, ಸಣ್ಣ ಹಲ್ಲಿನ ಅರದಿಂದ ಉಜ್ಜಿ, ಕೊನೆಗೆ ಉಪ್ಪುಕಾಗದ. ಬೆಸುಗೆ ಹೋಗಬೇಕು, ಹಿತ್ತಾಳೆ ಸವೆಯಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದ. ತಟ್ಟೆಯ ಹನಿಗಳನ್ನು ಮತ್ತೆ ಕರಗಿಸಿ ಬಳಸುತ್ತಾರೆ.

ಮೂರು ದಿನದ ಹಿಂದೆ ಹೊಲಿಗೆಯಮ್ಮ ಒಂದು ಹಿತ್ತಾಳೆ ಡಬ್ಬಿ ಕೊಟ್ಟು ಹೋಗಿದ್ದರು. ಎಪ್ಪತ್ತು ದಾಟಿದ ಹೆಂಗಸು, ಮೂಲೆ ಮನೆಯಲ್ಲಿ ಇಂದಿಗೂ ಬಟ್ಟೆ ಹೊಲಿಯುತ್ತಾರೆ. ಅದು ಅವರ ಗುಂಡುಸೂಜಿ ಡಬ್ಬಿ. ಮುಚ್ಚಳದ ತಿರುಗಣೆ ಬಿಟ್ಟಿತ್ತು, ಅದನ್ನು ಕೂಡಿಸಿದರೆ ಸಾಕೆಂದಿದ್ದರು. ತಮ್ಮ ಕೂಡಿಸಿದ. ಉಗುರಕ್ಕ ತಿರುಗಣೆಯ ಮೇಲೆ ಹೆಚ್ಚಾಗಿದ್ದ ಬೆಸುಗೆ ತೆಗೆದು ಮುಗಿಸಿದಾಗ, ಡಬ್ಬಿಯ ಹಿಂಬದಿಯಲ್ಲಿ ಅವರೆಕಾಳಿನಷ್ಟು ದಪ್ಪದ ಹಳೆಯ ಬೆಸುಗೆ ಗಂಟೊಂದು ಕಣ್ಣಿಗೆ ಬಿತ್ತು. ಯಾರೋ ಕೆಲಸ ಬಾರದವರು ಸುರಿದದ್ದು. ಅದನ್ನು ತೆಗೆಯೆಂದು ಯಾರೂ ಕೇಳಿರಲಿಲ್ಲ. ಪಾಪ, ಇಷ್ಟು ವರ್ಷ ಇದನ್ನೇ ಇಟ್ಟುಕೊಂಡಿದ್ದಾರಲ್ಲ ಎಂದು ಅದನ್ನೂ ಕಾಯಿಸಿ, ಒರೆಸಿ, ನುಣ್ಣಗೆ ಮಾಡಿದಳು. ಮರುದಿನ ಬೆಳಿಗ್ಗೆ ಉಗುರು ಅದರ ಮೇಲೆ ಎಲ್ಲೂ ತಡೆಯದೆ ಜಾರಿತು. ಅವಳಿಗೆ ಖುಷಿಯೇ ಆಯಿತು.

ಅದೇ ದಿನ ಮಧ್ಯಾಹ್ನ ಹೊಲಿಗೆಯಮ್ಮ ಒಂದು ಕೈಯಲ್ಲಿ ಕೋಲೂರಿ, ಇನ್ನೊಂದರಲ್ಲಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಆಯ್ತೇನೇ ನನ್ನ ಡಬ್ಬಿ? ಮೂರು ದಿನದಿಂದ ಗುಂಡುಸೂಜಿನೆಲ್ಲ ತುಟಿಲಿ ಕಚ್ಕೊಂಡು ಕೂತಿದೀನಿ. ಅತ್ತೆ ಇಷ್ಟು ಹೊತ್ತು ಬಾಯಿ ಮುಚ್ಚಿದ್ದು ಇದೇ ಮೊದಲು ಅಂತಾಳೆ ನನ್ನ ಸೊಸೆ."

ಉಗುರಕ್ಕ ನಗುತ್ತಾ ಗೂಡಿನ ಕಡೆ ಕೈ ಚಾಚಿದಳು.

"ಹಿಂದೆ ಒಂದು ಗಂಟಿದೆ, ನೋಡಿ ನಕ್ಕಿರ್ತೀಯ. ಅದು ನಮ್ಮವರ ಕೈಕೆಲಸ ಕಣೇ. ಬಸ್ಸು ಓಡಿಸೋ ಕೈಲಿ ಬೆಸುಗೆ ಹಾಕೋಕೆ ಹೋದ್ರೆ ಇನ್ನೇನಾಗುತ್ತೆ? ಇಡೀ ರಜಾ ದಿನ ಊಟ ಬಿಟ್ಟು ಕೂತು ಮಾಡಿದ್ರು. ತೊಟ್ಟಿಕ್ಕಿದ್ದು ಅಲ್ಲೇ ಕೂತುಬಿಡ್ತು." ಅವರು ಮಂಜಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡರು. "ಈಗ ನನಗೆ ಸರಿಯಾಗಿ ಕಾಣಲ್ಲ. ಬೆರಳಿಗೆ ಆ ಗಂಟು ಸಿಕ್ರೆ, ಡಬ್ಬಿ ಬಾಯಿ ಆಚೆ ಕಡೆ ಅಂತ ತಿಳಿಯುತ್ತೆ. ಅವರು ಹೋಗಿ ನಾಲ್ಕು ವರ್ಷ ಆಯ್ತು. ದಿನಕ್ಕೆ ನೂರು ಸಲ ಮುಟ್ತೀನಿ."

ಚಾಚಿದ ಕೈಯನ್ನು ಉಗುರಕ್ಕ ಹಿಂದೆ ತೆಗೆದುಕೊಂಡಳು.

"ಇನ್ನೂ ಸ್ವಲ್ಪ ಉಜ್ಜೋದಿದೆ ಅಮ್ಮ."

"ಹಾಗಾದ್ರೆ ದಾರ ತಗೊಂಡು ಬರ್ತೀನಿ. ನೀನು ಮಾಡಿದ್ರೆ ನಾನು ನೋಡೋದೇ ಬೇಡ."

ಕೋಲಿನ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೂ ಉಗುರಕ್ಕ ಕದಲಲಿಲ್ಲ. ಆಮೇಲೆ ತಟ್ಟೆಯನ್ನು ಎಳೆದುಕೊಂಡು, ಹನಿಗಳನ್ನು ಕಾಗದದ ಮೇಲೆ ಸುರಿದಳು. ಹದಿನೇಳಿದ್ದವು. ಒಂದೊಂದನ್ನೇ ಉಗುರಿನಿಂದ ಮುಟ್ಟಿ ನೋಡಿದಳು. ಎಲ್ಲವೂ ಒಂದೇ ಬಣ್ಣ, ಒಂದೇ ನುಣುಪು.

ಒಳಗಿನಿಂದ ಚಹಾ ಲೋಟ ಹಿಡಿದು ಬಂದ ತಮ್ಮ ಅವಳ ಮುಖ ನೋಡಿ ಲೋಟವನ್ನು ಕೆಳಗಿಟ್ಟ. ಅವಳು ನಡೆದದ್ದನ್ನು ಹೇಳಿದಳು.

"ಅವರು ತೆಗಿ ಅಂದಿದ್ರಾ?"

"ಇಲ್ಲ."

"ಮತ್ತೆ ಯಾಕೆ ತೆಗೆದೆ?"

"ಕೊಳಕಾಗಿ ಕಾಣ್ತು."

ತಮ್ಮ ಸ್ವಲ್ಪ ಹೊತ್ತು ಕಿವಿ ಕೆರೆದುಕೊಂಡ. ಆಮೇಲೆ ಅವನ ಮುಖ ಬೆಳಗಿತು. "ಅಷ್ಟೇ ತಾನೆ? ಕೊಡು ಇಲ್ಲಿ. ಸುರಿಯೋ ಕೆಲಸದಲ್ಲಿ ನನ್ನನ್ನ ಮೀರಿಸೋರು ಯಾರು? ಇದ್ದ ಜಾಗದಲ್ಲೇ ಒಂದು ಗಂಟು ಕೂರಿಸ್ತೀನಿ. ಇದರಲ್ಲಿ ಒಂದು ಹನಿ ಅವರ ಯಜಮಾನರದ್ದೇ ಅಲ್ವಾ? ಹದಿನೇಳನ್ನೂ ಒಟ್ಟಿಗೆ ಕರಗಿಸಿದ್ರೆ ಅದರಲ್ಲಿ ಅದೂ ಬಂದುಬಿಡುತ್ತೆ. ಸುಳ್ಳೂ ಆಗಲ್ಲ."

ಅವನು ಹೇಳಿದ್ದು ಆಗುವಂಥದ್ದೇ. ಮುದುಕಿಯ ಬೆರಳಿಗೆ ಗಂಟು ಸಿಗುತ್ತದೆ, ಡಬ್ಬಿಯ ಬಾಯಿ ಯಾವ ಕಡೆ ಎಂದು ತಿಳಿಯುತ್ತದೆ, ನಾಲ್ಕು ವರ್ಷದ ಹಿಂದೆ ಹೋದವರು ಎಲ್ಲಿಗೂ ಹೋಗದೆ ಇದ್ದಲ್ಲೇ ಇರುತ್ತಾರೆ. ನಿಜ ಹೇಳಿದರೆ ಆ ಬೆರಳು ಬರಿಯ ಹಿತ್ತಾಳೆಯ ಮೇಲೆ ಜಾರುತ್ತದೆ. ಯಾರಿಗೆ ಬೇಕು ಅಂಥ ನಿಜ?

ತಮ್ಮ ಆಗಲೇ ಉರಿ ಹೊತ್ತಿಸಿದ್ದ. "ನಾನೇ ಹಾಕ್ತೀನಿ, ನಾನೇ ಅವರ ಕೈಗೆ ಕೊಡ್ತೀನಿ. ನೀನು ಒಳಗೆ ಹೋಗಿ ಚಹಾ ಕುಡಿ. ಪಾಪ ಗೀಪ ಅಂತ ಏನಾದ್ರೂ ಇದ್ರೆ ನನ್ನ ತಲೆಗಿರಲಿ. ನಿನ್ನ ಹೆಸರೇ ಬರಲ್ಲ."

ಅವಳು ಗೂಡಿನಿಂದ ಡಬ್ಬಿ ತೆಗೆದು ಬಟ್ಟೆ ಬಿಚ್ಚಿದಳು. ಅಭ್ಯಾಸಬಲದಿಂದ ಕಣ್ಣು ತಾನಾಗಿ ಮುಚ್ಚಿತು. ಉಗುರು ಹಿಂಬದಿಯ ಮೇಲೆ ಹೋಯಿತು, ಎಲ್ಲೂ ತಡೆಯಲಿಲ್ಲ. ಅವನು ಗಂಟು ಹಾಕಿದರೆ ಉಗುರು ತಡೆಯುತ್ತದೆ. ಆದರೆ ಅಲ್ಲಿ ತಡೆಯುವುದು ಏನೆಂದು ಅವಳಿಗೆ ಗೊತ್ತಿರುತ್ತದೆ. ನೋಡುವುದೇ ಬೇಡ ಎಂದು ಹೋದ ಮುದುಕಿಗೆ ಗೊತ್ತಿರುವುದಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು.

"ಬೇಗ ಕೊಡಕ್ಕ, ಎರಡೇ ನಿಮಿಷ," ತಮ್ಮ ಪಿಸುಗುಟ್ಟಿದ. "ಬಾಗಿಲಲ್ಲೇ ಮಾತಾಡಿಸ್ತಾ ಇರು."

ಉಗುರಕ್ಕ ಹದಿನೇಳು ಹನಿಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಡಬ್ಬಿಯೊಳಗಿಟ್ಟಳು. ಮುಚ್ಚಳ ಹಾಕಿ, ಡಬ್ಬಿಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡಳು.

"ಬೇಡ ಕಣೋ," ಎಂದಳು. "ಉರಿ ಆರಿಸು. ಅವರಿಗೆ ಕೂರೋಕೆ ಆ ಸ್ಟೂಲು ಈಚೆ ಹಾಕು."