ಮೂರು ಕಟ್ಟಿನ ಸೂಡು

ನಾನು ಹುಟ್ಟಾ ಸಂಶಯದ ಮನುಷ್ಯ. ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗುತ್ತೇನೆ. ಬಸ್ಸಿನಲ್ಲಿ ಪಕ್ಕದವನು ನಿದ್ದೆ ಹೋದರೆ ಅದು ನಿದ್ದೆಯೋ ನಾಟಕವೋ ಎಂದು ಓರೆಗಣ್ಣಿನಲ್ಲಿ ನೋಡುತ್ತೇನೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಇಷ್ಟು ವರ್ಷ ನನಗೆ ಯಾರೂ ಟೋಪಿ ಹಾಕಿಲ್ಲ ಎಂದು ಬೀಗುತ್ತಿದ್ದೆ.

ನಮ್ಮೂರು ಹೂವಿನ ಹಿಪ್ಪರಗಿಯಿಂದ ಸ್ವಲ್ಪ ದೂರ. ಮನೆಯಲ್ಲಿ ಎರಡು ಬಂದೂಕುಗಳಿದ್ದವು. ಒಂದು ಅಜ್ಜನ ಕಾಲದ ತುಂಬು ಬಂದೂಕು, ಇನ್ನೊಂದು ಅಪ್ಪ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ಜೋಡುನಳಿಗೆ. ಅಪ್ಪ ತೀರಿಕೊಂಡ ಮೇಲೆ ಎರಡೂ ನನ್ನ ಹೆಸರಿಗೆ ಬಂದವು. ಇದು ನನ್ನ ತಮ್ಮನಿಗೆ ಹಿಡಿಸಿರಲಿಲ್ಲ. ಅವನು ಅದೇ ಓಣಿಯಲ್ಲಿ ಬೇರೆ ಮನೆ ಮಾಡಿದ್ದ. ಕಾಲುವೆ ನೀರು ಬಂದ ಮೇಲೆ ಅವನ ಟ್ರ್ಯಾಕ್ಟರ್ ನನ್ನ ಹೊಲದ ಬದುವಿನ ಮೇಲೆ ಹಾಯತೊಡಗಿತು, ಬದು ಕುಸಿಯತೊಡಗಿತು, ನಮ್ಮಿಬ್ಬರ ಮಾತು ನಿಂತಿತು.

ಜೋಳದ ರಾಶಿ ಮುಗಿದ ದಿನಗಳು. ಒಂದು ಮಧ್ಯಾಹ್ನ ಆ ಬದುವಿನ ಮೇಲೆ ಅವನ ಟ್ರ್ಯಾಕ್ಟರ್ ತಡೆದು ನಿಂತೆ. "ಇನ್ನೊಮ್ಮೆ ಇದನ್ನ ದಾಟಿ ನೋಡು, ಬಂದೂಕು ತರತೇನಿ," ಎಂದೆ. ಅವ್ವ ಬುತ್ತಿಯ ಬುಟ್ಟಿ ಹೊತ್ತು ಅಲ್ಲೇ ನಿಂತಿದ್ದಳು. ಸಿಟ್ಟಿನಲ್ಲಿ ಮನುಷ್ಯ ಏನೇನೋ ಅನ್ನುತ್ತಾನೆ. ಅಂದು ಸಂಜೆ ಜೋಡುನಳಿಗೆ ತೆಗೆದು ಎಣ್ಣೆ ಹಚ್ಚಿ ಒರೆಸಿದ್ದೂ ನಿಜ. ಅದು ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸ.

ವಾರದ ನಂತರ ಹೆಂಡತಿಯೂ ನಾನೂ ಮುದ್ದೇಬಿಹಾಳಕ್ಕೆ ಬೀಗರ ಮದುವೆಗೆ ಹೋದೆವು. ಮೊಣಕಾಲು ನೋವೆಂದು ಅವ್ವ ಮನೆಯಲ್ಲೇ ಉಳಿದಳು. ತಿರುಗಿ ಬಂದಾಗ ಒಳಕೋಣೆಯ ಕಟ್ಟಿಗೆಯ ಸಂದೂಕದ ಕೊಂಡಿ ಮುರಿದಿತ್ತು. ಬಂದೂಕುಗಳಿರಲಿಲ್ಲ. ಅದೇ ಸಂದೂಕದಲ್ಲಿ, ಅರಿವೆಯ ಗಂಟಿನಲ್ಲಿ, ಹೆಂಡತಿಯ ಬಂಗಾರದ ಪಾಟ್ಲಿ ಬಳೆಗಳು ಇದ್ದ ಹಾಗೇ ಇದ್ದವು.

"ನಾ ಹೊಲದಾಗಿನ ಆಳಿಗೆ ಬುತ್ತಿ ಕೊಡಾಕ ಹೋಗಿದ್ನಿ. ಬರೂದ್ರಾಗ ಹಿಂಗಾಗಿತ್ತ ನೋಡ," ಎಂದಳು ಅವ್ವ.

ಠಾಣೆಯಿಂದ ಜಮಾದಾರರು ಬಂದರು. ಸಂದೂಕ ನೋಡಿದರು, ಹಿತ್ತಿಲು ನೋಡಿದರು, ಜೋಳದ ದಂಟು ಪೇರಿಸಿದ ಕಣಕಿಯ ಬಣವೆಗೆ ಒರಗಿ ನಿಂತು ಅವ್ವ ಕೊಟ್ಟ ಚಹಾ ಕುಡಿದರು. "ಬಂಗಾರ ಬಿಟ್ಟು ಬಂದೂಕು ಒಯ್ದಾನಂದ್ರ ಹೊರಗಿನ ಕಳ್ಳ ಅಲ್ರಿ. ನಿಮಗ ಗುರ್ತಿದ್ದಾವನ. ಯಾರ ಮ್ಯಾಲರೆ ಸಂಶೆ ಐತೇನ್ರಿ?" ಎಂದು ಕೇಳಿದರು.

ಇಂಥ ಪ್ರಶ್ನೆಯನ್ನು ನನಗೆ ಕೇಳಬಾರದು. ಇಂಡಿಯಿಂದ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿ, "ಅವು ಇಷ್ಟೊತ್ತಿಗೆ ಹೊಳಿ ದಾಟಿ ಹೋಗಿರತಾವ ಬಿಡ್ರಿ," ಎಂದಾಗ, ಇವನಿಗೆ ಹೇಗೆ ಗೊತ್ತು ಎಂದು ಅವನ ಮೇಲೂ ಸಂಶಯಪಟ್ಟೆ. ತಮ್ಮನ ಮೇಲೆ ಮೊದಲಿನಿಂದಲೇ ಇತ್ತು. ಆದರೆ ಒಡಹುಟ್ಟಿದವನ ಹೆಸರು ಜಮಾದಾರರ ಮುಂದೆ ಹೇಳಲು ನಾಲಗೆ ಏಳಲಿಲ್ಲ. ಹೇಳಿದ್ದು ಕುರಿಯವನ ಹೆಸರು. ಅವನು ಪ್ರತಿ ವರ್ಷ ರಾಶಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿಯೆಲ್ಲ ಕುರಿ ತರುಬಿ ನಿಲ್ಲಿಸುತ್ತಿದ್ದ, ಆ ತಿಂಗಳು ನಮ್ಮ ಓಣಿಯಲ್ಲೇ ಬಿಡಾರ ಹೂಡುತ್ತಿದ್ದ. ಕಳುವಿನ ದಿನ ನಮ್ಮ ಹಿತ್ತಿಲಿಗೆ ನೀರಿಗೆ ಬಂದಿದ್ದನ್ನು ಯಾರೋ ಕಂಡಿದ್ದರು. ತೋಳದ ಕಾಟ ಎಂದು ಅವನು ಹೋದ ವರ್ಷ ಹೇಳಿದ್ದೂ ನನಗೆ ನೆನಪಿತ್ತು. ನನಗೆ ಅಷ್ಟು ಸಾಕಾಯಿತು.

ಅವನು ಓಡಿ ಬಂದು ಅಂಗಳದಲ್ಲಿ ನಿಂತ. "ಅಣ್ಣಾರ, ಹತ್ತ ವರ್ಷ ನಿಮ್ಮ ಅನ್ನಾ ಉಂಡೇನ್ರಿ. ನಾ ಮುಟ್ಟಿಲ್ರಿ."

"ಮುಟ್ಟದಿದ್ರ ಅಂಜತಿ ಯಾಕ?" ಎಂದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು.

ನಾಡಿದ್ದು ಅವನನ್ನು ಠಾಣೆಗೆ ಕರೆಸುವುದೆಂದು ಜಮಾದಾರರು ಹೇಳಿ ಹೋದರು. ಒಮ್ಮೆ ಬಂದೂಕಿನ ಕಳುವಿನಲ್ಲಿ ಹೆಸರು ಸೇರಿದರೆ ಊರೂರು ತಿರುಗುವ ಕುರಿಯವನನ್ನು ಆಮೇಲೆ ಯಾವ ಊರೂ ಹೊಲಕ್ಕೆ ಬಿಟ್ಟುಕೊಳ್ಳುವುದಿಲ್ಲ. ಇದು ನನಗೂ ಗೊತ್ತಿತ್ತು.

ಆಗ ನಡುವೆ ಬಂದವರು ನಮ್ಮೂರ ಮಾಸ್ತರರು. ಅವರು ನಿವೃತ್ತರಾದ ಮುಸ್ಲಿಂ ಹಿರಿಯರು, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಹಳೆಯ ಕಾಲದಲ್ಲಿ ಊರೊಳಗೆ ಏನಾದರೂ ಕಳುವಾದರೆ ಮನೆಗೊಂದು ಬುಟ್ಟಿ ಮಣ್ಣು ತಂದು ಒಂದೆಡೆ ಸುರಿಯಬೇಕಿತ್ತು. ಕದ್ದವನು ಮಣ್ಣಿನಲ್ಲಿ ಮುಚ್ಚಿ ತಂದು ಹಾಕಿದರೆ ಮಾಲು ಸಿಗುತ್ತದೆ, ಮಾನವೂ ಉಳಿಯುತ್ತದೆ. ಮಾಸ್ತರರು ಅದನ್ನೇ ನೆನಪಿಸಿದರು. "ಬಂದೂಕು ಬುಟ್ಟ್ಯಾಗ ಹಿಡಿಸೂದಿಲ್ಲ. ಓಣ್ಯಾಗ ಮನಿಗೊಂದು ಕಣಕಿ ಸೂಡು ತಂದು ಸಾಲಿ ಹಿಂದಿನ ಬಯಲಾಗ ಹಾಕ್ರಿ. ಯಾರೂ ನಿಂತು ನೋಡಬ್ಯಾಡ್ರಿ. ಸಿಕ್ಕ ಮ್ಯಾಲ ಯಾರ ಸೂಡು ಅಂತ ಕೇಳಬ್ಯಾಡ್ರಿ." ಜೋಳದ ಒಣದಂಟಿನ ಹೊರೆಗೆ ನಮ್ಮಲ್ಲಿ ಸೂಡು ಅನ್ನುತ್ತಾರೆ. ಆಳೆತ್ತರ ಇರುತ್ತದೆ, ಒಳಗೆ ಬಂದೂಕು ಸಲೀಸಾಗಿ ಅಡಗುತ್ತದೆ.

"ಕಳಕೊಂಡಾವ ನಾನು. ನಾ ಯಾಕ ತರಬೇಕ್ರಿ?" ಎಂದು ಸಿಡುಕಿದೆ.

"ಎಲ್ಲಾರ ಮನೀದಂದ್ರ ಎಲ್ಲಾರ ಮನೀದು. ನಿನ್ನದ ಮೊದಲ ಬರಲಿ," ಎಂದರು ಮಾಸ್ತರರು.

ಮರುದಿನ ಮುಂಜಾನೆ ಅವ್ವ ಹಿತ್ತಿಲಲ್ಲಿ ಸೂಡು ಕಟ್ಟಿ ಇಟ್ಟಿದ್ದಳು. ಹೆಗಲಿಗೆ ಏರಿಸಿದರೆ ಭಾರ. "ಯವ್ವಾ, ಊರಿಗೆಲ್ಲ ಮೇವು ಹಾಕಾಕ ಹೊಂಟೀಯೇನು?" ಎಂದೆ.

"ಹೊಸಾ ಕಣಕಿ ಐತಿ, ಇನ್ನಾ ಹಸಿ ಆರಿಲ್ಲ. ಸುಮ್ಮ ಒಯ್ಯಿ."

ಒಯ್ದು ಒಗೆದೆ. ಆಮೇಲೆ ಮಾಡಿದ್ದನ್ನು ಹೇಳಲು ನನಗೇ ನಾಚಿಕೆ. ಬಯಲಿಗೆ ಎದುರಾದ ಗೆಳೆಯನ ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬಂದ ಒಬ್ಬೊಬ್ಬರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದೆ. ಮನುಷ್ಯನ ಮುಖ, ಹೆಗಲ ಮೇಲಿನ ಸೂಡು, ಎರಡೂ ಕಾಣುವ ಹಾಗೆ. ಯಾರ ನಡಿಗೆ ಜೋಲುತ್ತದೆ, ಯಾರು ಮೆಲ್ಲಗೆ ಇಳಿಸುತ್ತಾರೆ ಎಂದು ನೋಡಿದೆ. ತಮ್ಮ ಒಂದೇ ಸೂಡನ್ನು ಟ್ರ್ಯಾಕ್ಟರಿನಲ್ಲಿ ತಂದ. ಭಾರ ಗೊತ್ತಾಗಬಾರದೆಂದೇ ಹಾಗೆ ತಂದಿದ್ದಾನೆ ಎಂದುಕೊಂಡೆ. ಕುರಿಯವನಿಗೆ ಹೊಲವಿಲ್ಲ, ಬದುವಿನ ಮೇಲೆ ಬಿದ್ದ ದಂಟು ಆಯ್ದು ಕಟ್ಟಿ ತಂದಿದ್ದ. ಸೂಡು ಎಷ್ಟು ತೆಳ್ಳಗಿತ್ತೆಂದರೆ ಆಚೆಯ ಗೋಡೆ ಕಾಣುತ್ತಿತ್ತು. ಸಂಶಯ ಬರದಿರಲೆಂದೇ ಇಷ್ಟು ತೆಳ್ಳಗೆ ಕಟ್ಟಿದ್ದಾನೆ ಎಂದು ಅದಕ್ಕೂ ಅರ್ಥ ಹಚ್ಚಿದೆ.

ಮಧ್ಯಾಹ್ನ ಮಾಸ್ತರರು, ಇಬ್ಬರು ಹಿರಿಯರು ಮತ್ತು ನಾನು ರಾಶಿಯನ್ನು ಬಿಚ್ಚಿದೆವು. ಅಡಿಯಲ್ಲಿದ್ದ ಒಂದು ಸೂಡು ಕುಡಗೋಲಿಗೆ ಠಣ್ ಎಂದಿತು. ಬಿಚ್ಚಿದರೆ ಎರಡೂ ಬಂದೂಕು, ಒಂದರ ಪಕ್ಕ ಒಂದು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ್ದವು. ಆದರೆ ನನ್ನ ಕಣ್ಣು ಹೋದದ್ದು ಬಂದೂಕಿನ ಮೇಲಲ್ಲ, ಸೂಡಿನ ಮೇಲೆ. ಎಲ್ಲ ಸೂಡುಗಳಿಗೂ ಸುತ್ತ ಬಿಗಿದದ್ದು ಎರಡೆರಡು ಕಟ್ಟು. ಇದಕ್ಕೆ ಮೂರು.

"ಸಿಕ್ಕಾವಲ್ಲ, ಮುಗೀತು. ಮನಿಗೆ ನಡಿ," ಎಂದರು ಮಾಸ್ತರರು.

ನಾನು ಶಾಲೆಯ ಗೋಡೆಯ ಮರೆಗೆ ಹೋಗಿ ಮೊಬೈಲು ತೆಗೆದೆ. ತಮ್ಮನ ಸೂಡಿಗೆ ಎರಡು ಕಟ್ಟು. ಕುರಿಯವನದಕ್ಕೆ ಎರಡು. ಒಂದೊಂದೇ ಫೋಟೋ ಹಿಗ್ಗಿಸಿ ನೋಡುತ್ತಾ ಹೋದೆ. ಓಣಿಯ ಎಲ್ಲ ಮನೆಗಳೂ ಮುಗಿದವು. ಮೂರು ಕಟ್ಟಿನ ಸೂಡು ಯಾರ ಹೆಗಲ ಮೇಲೂ ಇರಲಿಲ್ಲ. ಯಾರೋ ಕಣ್ತಪ್ಪಿಸಿ ತಂದಿದ್ದಾರೆಂದು ಮತ್ತೆ ಮೊದಲಿನಿಂದ ನೋಡಿದೆ. ಎರಡನೆಯ ಸಲ ಕೊನೆಗೆ ಬಂದಾಗ ತಿಳಿಯಿತು, ನಾನು ಫೋಟೋ ತೆಗೆಯದ ಸೂಡು ಒಂದೇ ಒಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು, ಅಂಗಿಗೆ ಜೋಳದ ಎಲೆಯ ಚೂರು ಇನ್ನೂ ಅಂಟಿತ್ತು.

ಅವ್ವ ಕಟ್ಟೆಯ ಮೇಲೆ ಅಲಸಂದಿ ಹಸನು ಮಾಡುತ್ತಿದ್ದಳು. ನಾನು ಎದುರು ನಿಂತೆ. ಅವಳು ತಲೆ ಎತ್ತಲಿಲ್ಲ.

"ಯಾಕ ಯವ್ವಾ?"

"ಆ ಕುರಿಯಾವನ್ನ ಒಯ್ತಾರಂದ್ರಲ್ಲ. ಅದಕ್ಕ ಕೊಟ್ನಿ. ಇಲ್ಲಂದ್ರ ಕೊಡತಿದ್ದಿಲ್ಲ."

"ತಗದದ್ದ ಯಾಕ?"

ಕೈ ನಿಂತಿತು. "ಬದುವಿನ ಮ್ಯಾಲ ಏನಂದಿ? ಅಂದು ಸಂಜೀಕ ಬಂದೂಕಿಗೆ ಎಣ್ಣಿ ಹಚ್ಚಿದಿ. ನಿಮ್ಮಪ್ಪ ದಸರಾದಾಗ ಖಂಡೇಪೂಜಿಗೆ ಹಚ್ಚತಿದ್ದ. ಖಂಡೇಪೂಜಿ ಇನ್ನಾ ಆರು ತಿಂಗಳಿತ್ತು."

ಸುಮ್ಮನೆ ಒರೆಸಿದೆ ಅನ್ನಬೇಕೆಂದು ಬಾಯಿ ತೆರೆದೆ. ಆದರೆ ಆ ಸಂಜೆ ನನ್ನ ಮನಸ್ಸಿನಲ್ಲಿ ಏನಿತ್ತೆಂದು ನಾನೇ ಇವತ್ತಿಗೂ ಆಣೆ ಮಾಡಿ ಹೇಳಲಾರೆ.

"ನೀ ಊರಾಗ ಎಲ್ಲಾರ ಮ್ಯಾಲ ಸಂಶೆ ಮಾಡ್ದಿ, ಯಪ್ಪಾ. ನಾ ಒಬ್ಬಾವನ ಮ್ಯಾಲ ಅಷ್ಟ ಮಾಡಿದ್ನಿ," ಎಂದಳು ಅವ್ವ.

ಬಂದೂಕುಗಳು ಠಾಣೆಗೆ ಹೋದವು. ಹೇಗೆ ಸಿಕ್ಕವೆಂದು ಜಮಾದಾರರು ಕೆದಕಲಿಲ್ಲ. "ನಿಮ್ಮ ಅವ್ವಾರು ಆರಾಮದಾರ್ರಿ?" ಎಂದಷ್ಟೇ ಕೇಳಿದರು. ಅವರಿಗೆ ಗೊತ್ತಿತ್ತೆಂದು ನನ್ನ ಸಂಶಯ. ತಮ್ಮನ ಟ್ರ್ಯಾಕ್ಟರ್ ಈಗ ಬದುವಿನ ಪಕ್ಕ ನಾನೇ ಬಿಟ್ಟುಕೊಟ್ಟ ದಾರಿಯಲ್ಲಿ ಹೋಗುತ್ತದೆ. ಕುರಿಯವನ ಕಾಲು ಹಿಡಿಯುವಷ್ಟು ಬಾಗಿ ತಪ್ಪು ಒಪ್ಪಿಕೊಂಡೆ. "ಇರಲಿ ಬಿಡ್ರಿ ಅಣ್ಣಾರ," ಎಂದ. ಆದರೆ ಮರುವರ್ಷ ಅವನ ಕುರಿಗಳು ಸಿಂದಗಿ ದಾಟಿ ದೇವಣಗಾಂವದ ಹೊಲಗಳಿಗೆ ಹೋದವು. ಇತ್ತ ಬರಲೇ ಇಲ್ಲ.

ಮೊನ್ನೆ ಬಂದೂಕು ಬಿಡಿಸಿಕೊಂಡು ಹೋಗಿರೆಂದು ಕಾಗದ ಬಂತು. ಬಸವನ ಬಾಗೇವಾಡಿಯ ಠಾಣೆಗೆ ಹೊರಟು ನಿಂತು, "ಯವ್ವಾ, ತರಲೇನು?" ಎಂದು ಕೇಳಿದೆ. ಅವ್ವ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು, ಅಂಗಡಿಯ ಸಕ್ಕರೆಯನ್ನು ನಾನು ನೋಡುವ ಹಾಗೆ. ಕಾಗದ ಮಡಚಿ ಆ ಕೊಂಡಿ ಮುರಿದ ಸಂದೂಕದಲ್ಲಿಟ್ಟು, ಬರಿಗೈಯಲ್ಲಿ ಹೊಲಕ್ಕೆ ಹೋದೆ.